ನಂಜನಗೂಡು ದಾರಿಯ ಹಳ್ಳಿ ಟೇಷನ್ನುಗಳು

ಮೈಸೂರಿನಿಂದ ದಕ್ಷಿಣಕ್ಕೆ ಹೊರಡುವ ರೈಲುದಾರಿ ಚಾಮರಾಜಪುರ, ಅಶೋಕಪುರ ದಾಟಿದ ಮೇಲೆ ನಗರವನ್ನು ಬಿಟ್ಟು ಬಯಲಿಗೆ ಇಳಿಯುತ್ತದೆ. ಮುಂದೆ ಕಡಕೊಳ, ತಾಂಡವಪುರ, ಕಪಿಲೆಯ ಆಚೆ ದಡದಲ್ಲಿ ನಂಜನಗೂಡು. ಅಲ್ಲಿಂದ ಬದನವಾಳು, ಕವಲಂದೆ, ಬದನಗುಪ್ಪೆಗಳ ಮೇಲೆ ಹಾದು ಚಾಮರಾಜನಗರದಲ್ಲಿ ದಾರಿ ಮುಗಿಯುತ್ತದೆ. ಉದ್ದ ಸುಮಾರು 60 ಕಿಲೋಮೀಟರ್. ನಂಜನಗೂಡಿನವರೆಗಿನ ಭಾಗ 1891ರಲ್ಲಿ, ಉಳಿದದ್ದು 1926ರಲ್ಲಿ ತೆರೆಯಿತು. ಈ ದಾರಿಯ ಹಳ್ಳಿಗಳು ಯಾವುವೂ ರೈಲು ಬೇಕೆಂದು ಅರ್ಜಿ ಹಾಕಿ ಪಡೆದವಲ್ಲ. ದೊಡ್ಡವರು ದೊಡ್ಡ ಊರುಗಳನ್ನು ಜೋಡಿಸಲು ಹಳಿ ಹಾಸಿದರು, ನಡುವೆ ಟೇಷನ್ನುಗಳು ಹುಟ್ಟಿದವು. ಅವನ್ನು ತಮ್ಮದು ಮಾಡಿಕೊಂಡದ್ದು ಹಳ್ಳಿಯವರ ಕೆಲಸ.

ಮೈಸೂರು ಸೀಮೆಗೆ ರೈಲು ಬಂದದ್ದು ಕ್ಷಾಮದ ಬೆನ್ನಿಗೆ. 1876ರಿಂದ 78ರವರೆಗಿನ ಬರಗಾಲದಲ್ಲಿ ಸಂಸ್ಥಾನದ ಜನ ಎಷ್ಟು ಸತ್ತರೆಂಬುದನ್ನು ಎರಡು ಜನಗಣತಿಗಳು ಹೇಳುತ್ತವೆ: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಮದರಾಸಿನ ಕಡೆಯಿಂದ ಬೆಂಗಳೂರಿನವರೆಗೆ 1864ರಲ್ಲೇ ರೈಲು ಬಂದಿದ್ದರೂ ಧಾನ್ಯ ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯಲ್ಲೇ ಹೋಗಬೇಕಿತ್ತು. ಬರದಲ್ಲಿ ಎತ್ತುಗಳೂ ಉಳಿದಿರಲಿಲ್ಲ. ಬೆಂಗಳೂರು–ಮೈಸೂರು ದಾರಿಯ ಮಣ್ಣುಕೆಲಸ ಬರಪೀಡಿತರಿಗೆ ಕೂಲಿ ಕೊಡುವ ಕೆಲಸವೂ ಆಯಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ದಿವಾನರಾಗಿದ್ದ ರಂಗಾಚಾರ್ಲು ಆ ಕೆಲಸವನ್ನು ಮುಂದುವರಿಸಿದರು. 1882ರ ಫೆಬ್ರವರಿಯಲ್ಲಿ ಮೈಸೂರಿಗೆ ಮೀಟರ್‌ಗೇಜ್ ಗಾಡಿ ಬಂತು. ಮುಂದಿನ ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅದೇ ಹಳಿ ನಂಜನಗೂಡಿಗೆ ಬೆಳೆಯಿತು. ಕ್ಷಾಮದ ಭಯವೂ ನಂಜನಗೂಡಿನ ನಂಜುಂಡೇಶ್ವರನ ಭಕ್ತರೂ ಸೇರಿ ಕಡಕೊಳಕ್ಕೆ ಒಂದು ಟೇಷನ್ ಕೊಟ್ಟರು ಎಂದರೆ ತಪ್ಪಾಗದು.

ಒಡೆತನ ಮಾತ್ರ ಕೈ ಬದಲಾಗುತ್ತಲೇ ಇತ್ತು. ಸಂಸ್ಥಾನದ ದಾರಿಗಳನ್ನು 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಲಾಯಿತು. ನಂಜನಗೂಡು ದಾರಿಯ ಓಡಾಟವನ್ನು 1919ರಲ್ಲಿ ಮೈಸೂರು ಸರ್ಕಾರವೇ ವಾಪಸು ತೆಗೆದುಕೊಂಡಿತು. ಬೆಂಗಳೂರು–ಮೈಸೂರು ದಾರಿ ವಾಪಸು ಬರುವುದಕ್ಕೆ 1938 ಆಯಿತು. 1951ರ ಏಪ್ರಿಲ್‌ನಲ್ಲಿ ಎಲ್ಲವೂ ದಕ್ಷಿಣ ರೈಲ್ವೆಗೆ ಸೇರಿತು, 2003ರಲ್ಲಿ ನೈಋತ್ಯ ರೈಲ್ವೆಗೆ. ಹಳ್ಳಿಯವರಿಗೆ ಇದು ತಿಳಿಯುತ್ತಿದ್ದುದು ಚೀಟಿಯ ಮೇಲಿನ ಅಕ್ಷರ ಬದಲಾದಾಗ ಮಾತ್ರ.

ಹಳ್ಳಿಯಲ್ಲಿ ಟೇಷನ್ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಹಳ್ಳಿಯಲ್ಲಿ ಸಿಗುವುದಿಲ್ಲ, ಹಳಿಯಲ್ಲಿ ಸಿಗುತ್ತದೆ. ಒಂದೇ ಜೋಡಿ ಹಳಿಯ ಮೇಲೆ ಎರಡು ದಿಕ್ಕಿನ ಗಾಡಿಗಳು ಓಡಬೇಕಾದರೆ ನಡುನಡುವೆ ಒಂದು ಇನ್ನೊಂದಕ್ಕೆ ದಾರಿ ಬಿಡುವ ಜಾಗ ಇರಬೇಕು. ಉಗಿಯಂತ್ರಕ್ಕೆ ದಾರಿಯುದ್ದಕ್ಕೂ ಅಲ್ಲಲ್ಲಿ ನೀರು ಬೇಕು. ಆದ್ದರಿಂದ ಟೇಷನ್ನಿನ ಜಾಗವನ್ನು ಗೊತ್ತು ಮಾಡಿದ್ದು ಏರು, ಇಳಿತ ಮತ್ತು ದೂರದ ಲೆಕ್ಕ. ಊರಿನ ಅನುಕೂಲ ಆಮೇಲಿನದು. ಬೆಂಗಳೂರು ದಾರಿಯ ಪಾಂಡವಪುರದಲ್ಲಿ ಇದು ಎದ್ದು ಕಾಣುತ್ತದೆ. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರ ನೆನಪಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಹೊತ್ತಿದ್ದ ಆ ಟೇಷನ್ ಪಟ್ಟಣದಿಂದ ಮೈಲಿಗಟ್ಟಲೆ ದೂರ. ಪಟ್ಟಣಕ್ಕೆ ಟೇಷನ್ ಹೋಗಲಿಲ್ಲ, ಟೇಷನ್ನಿನ ಸುತ್ತ ಬೇರೆಯೇ ಒಂದು ಊರು ಬೆಳೆಯಿತು. ಶ್ರೀರಂಗಪಟ್ಟಣದಲ್ಲಿ ಇದಕ್ಕೆ ತದ್ವಿರುದ್ಧ: ಹಳಿ ಕೋಟೆಯ ಒಳಗೇ ನುಗ್ಗಿತು. ಆ ಹಳಿಯನ್ನು ಜೋಡಿ ಮಾಡುವಾಗ 2017ರಲ್ಲಿ ಟಿಪ್ಪುವಿನ ಒಂದು ಮದ್ದಿನಮನೆಯನ್ನು ಕಟ್ಟಡ ಸಮೇತ ಎತ್ತಿ ಪಕ್ಕಕ್ಕೆ ಸರಿಸಬೇಕಾಯಿತು.

ಗಾಡಿಗಳು ದಾರಿ ಬಿಡುವ ಟೇಷನ್ ಎಂದರೆ ಒಂದು ಕಚೇರಿ. ಗಾರೆ ಗೋಡೆ, ಮಂಗಳೂರು ಹೆಂಚು, ಮುಂದೆ ಕಂಬದ ಪಡಸಾಲೆ, ಟಿಕೆಟ್ಟಿಗೆ ಒಂದು ಕಿಂಡಿ, ಪಕ್ಕದಲ್ಲಿ ಸಾಮಾನಿನ ತಕ್ಕಡಿ, ಹಿಂದೆ ಮಾಸ್ತರರ ಮನೆ. ಪಡಸಾಲೆಯಲ್ಲಿ ತೂಗುಹಾಕಿದ ಹಳಿಯ ತುಂಡೇ ಗಂಟೆ. ಕಿಂಡಿಯ ಹಿಂದಿನ ಕೋಣೆಯಲ್ಲಿ ನೀಲ್ಸ್ ಯಂತ್ರ ಎಂಬ ಎರಕದ ಪೆಟ್ಟಿಗೆ. ಇಡೀ ವ್ಯವಸ್ಥೆಯ ಜೀವ ಅದರೊಳಗೆ ಇತ್ತು. ಎರಡು ಟೇಷನ್ನುಗಳ ನಡುವಿನ ಹಳಿಗೆ ಗಾಡಿ ಬಿಡಬೇಕಾದರೆ ಎರಡೂ ಕಡೆಯ ಮಾಸ್ತರರು ಒಪ್ಪಬೇಕು. ಗಂಟೆಯ ಸಂಕೇತದಲ್ಲಿ ಈ ಕಡೆಯವರು ಕೇಳುತ್ತಾರೆ, ಆ ಕಡೆಯವರು ಒಪ್ಪಿಗೆ ಕೊಡುತ್ತಾರೆ. ಆಗ ಮಾತ್ರ ಪೆಟ್ಟಿಗೆಯಿಂದ ಒಂದು ಉಕ್ಕಿನ ಗುಂಡು ಹೊರಗೆ ಬೀಳುತ್ತದೆ. ಒಂದು ಗುಂಡು ಹೊರಗಿರುವವರೆಗೆ ಎರಡೂ ಕಡೆಯ ಪೆಟ್ಟಿಗೆಗಳು ಇನ್ನೊಂದನ್ನು ಕೊಡುವುದಿಲ್ಲ. ಗುಂಡನ್ನು ಚರ್ಮದ ಚೀಲದಲ್ಲಿಟ್ಟು ಬೆತ್ತದ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಾರೆ. ಅದು ಕೈಯಲ್ಲಿಲ್ಲದೆ ಗಾಡಿ ಮುಂದಕ್ಕೆ ಚಲಿಸುವಂತಿಲ್ಲ. ನಿಲ್ಲದೆ ಹೋಗುವ ಗಾಡಿಯಾದರೆ ಪಾಯಿಂಟ್ಸ್‌ಮನ್ ಬಳೆಯನ್ನು ಎತ್ತಿ ಹಿಡಿದು ನಿಲ್ಲಬೇಕು, ಎಂಜಿನ್ನಿನಲ್ಲಿರುವವನು ಓಡುವ ಗಾಡಿಯಿಂದಲೇ ತೋಳು ಚಾಚಿ ಅದನ್ನು ಸಿಕ್ಕಿಸಿಕೊಳ್ಳಬೇಕು. ಎರಡು ಗಾಡಿಗಳು ಎದುರುಬದುರು ಬರದಂತೆ ಒಂದು ಶತಮಾನದ ಹತ್ತಿರ ಕಾಪಾಡಿದ್ದು ಕ್ರಿಕೆಟ್ ಚೆಂಡಿನಂತಹ ಈ ಗುಂಡು. ಹಳ್ಳಿಯ ಹುಡುಗರಿಗೆ ಅದು ಆಟದ ಸಾಮಾನಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಟೇಷನ್ನಿನ ಎರಡು ಕಡೆಯೂ ಕೈಮರಗಳು. ತೋಳು ಅಡ್ಡಲಾಗಿದ್ದರೆ ನಿಲ್ಲಬೇಕು, ಕೆಳಕ್ಕೆ ಬಾಗಿದರೆ ಬರಬಹುದು. "ಕೈ ಬಿದ್ದಿದೆ, ಗಾಡಿ ಬಂತು" ಎಂಬುದು ಹೊಲದಲ್ಲಿ ಕೆಲಸ ಮಾಡುವವರ ಮಾತು. ಸಂಜೆ ಕತ್ತಲಾಗುವ ಮೊದಲು ದೀಪದವನು ಸೀಮೆಎಣ್ಣೆ ದೀಪಗಳನ್ನು ಹೊತ್ತು ಕಂಬ ಹತ್ತುತ್ತಿದ್ದ. ಒಂದೇ ದೀಪ, ಮುಂದೆ ಕೆಂಪು ಮತ್ತು ಹಸಿರು ಗಾಜು. ತೋಳು ಚಲಿಸಿದಂತೆ ಗಾಜೂ ಚಲಿಸುತ್ತದೆ. ಮಳೆಗಾಲದ ರಾತ್ರಿ ದೀಪ ಆರಿದರೆ ಗಾಡಿ ಹೊರಗೇ ನಿಂತು ಸೀಟಿ ಹೊಡೆಯುತ್ತಿತ್ತು, ಅವನು ಕಂದೀಲು ಹಿಡಿದು ಕೆಸರಿನಲ್ಲಿ ಓಡುತ್ತಿದ್ದ. ರೈಲ್ವೆಯ ದೊಡ್ಡ ಹೆಸರುಗಳ ನಡುವೆ ಈ ಕೆಲಸಗಾರನಿಗೆ ಎಲ್ಲೂ ಜಾಗ ಸಿಕ್ಕಿಲ್ಲ. ಬೆಳಗಿನಿಂದ ಹಳಿಯ ಮೇಲೆ ನಡೆದು ಕೀಲು ಬಿಗಿ ಮಾಡುತ್ತಿದ್ದ ಗ್ಯಾಂಗಿನವರಿಗೂ ಸಿಕ್ಕಿಲ್ಲ. ಅವರಲ್ಲಿ ಎಷ್ಟೋ ಮಂದಿ ಅದೇ ಹಳ್ಳಿಗಳ ಭೂಮಿಯಿಲ್ಲದ ಮನೆಗಳವರು. ಮಳೆ ಬರಲಿ ಬಾರದಿರಲಿ ತಿಂಗಳಿಗೊಮ್ಮೆ ಸಂಬಳ ಕಂಡ ಮೊದಲ ಮನೆಗಳು ಹಲವು ಕಡೆ ಅವೇ.

ಮಾಸ್ತರರು ಹೊರಗಿನವರು. ವರ್ಗವಾಗಿ ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಮನೆಮಾತು ತಮಿಳೋ ತೆಲುಗೋ ಆಗಿರುತ್ತಿತ್ತು, ಕನ್ನಡವನ್ನು ಟಿಕೆಟ್ ಕಿಂಡಿಯಲ್ಲೇ ಕಲಿಯುತ್ತಿದ್ದರು. ಊರಿಗೆ ತಂತಿ ಬಂದರೆ ಓದಿ ಹೇಳುವವರು, ದೊಡ್ಡಾಸ್ಪತ್ರೆಗೆ ಹೋಗಬೇಕಾದವರಿಗೆ ಯಾವ ಗಾಡಿ ಹಿಡಿಯಬೇಕೆಂದು ತಿಳಿಸುವವರು, ಅರ್ಜಿ ಬರೆದುಕೊಡುವವರು ಅವರೇ. ಅಮಲ್ದಾರರ ಹತ್ತಿರ ಹೋಗಲು ಅಂಜುತ್ತಿದ್ದವರು ಕಿಂಡಿಯ ಮುಂದೆ ನಿಂತು "ಗಾಡಿ ಎಲ್ಲಿಗೆ ಬಂದದೆ ಸ್ವಾಮೀ?" ಎಂದು ಕೇಳಬಹುದಿತ್ತು. ಸರ್ಕಾರದ ನೌಕರನೊಬ್ಬ ಹಗಲೂ ರಾತ್ರಿ ಹಳ್ಳಿಯಲ್ಲೇ ಇರುತ್ತಿದ್ದ ಏಕೈಕ ಜಾಗ ಬಹಳ ಕಾಲ ಟೇಷನ್ನೇ ಆಗಿತ್ತು.

ಅಲ್ಲಿನ ಗಡಿಯಾರವೂ ಹೊರಗಿನದೇ. ನಂಜನಗೂಡಿಗೆ ರೈಲು ಬಂದ ಕಾಲದಲ್ಲಿ ದೇಶದ ರೈಲುಗಳು ಮದರಾಸಿನ ವೇಳೆಯನ್ನು ಹಿಡಿದು ಓಡುತ್ತಿದ್ದವು. ಈಗಿನ ಭಾರತೀಯ ವೇಳೆ ಜಾರಿಗೆ ಬಂದದ್ದು 1906ರಲ್ಲಿ. ಮದರಾಸು ಮೈಸೂರಿಗಿಂತ ಪೂರ್ವಕ್ಕಿರುವುದರಿಂದ ಟೇಷನ್ನಿನ ಗಡಿಯಾರ ಮೈಸೂರಿನ ಸೂರ್ಯನಿಗಿಂತ ಸುಮಾರು 14 ನಿಮಿಷ ಮುಂದೆ ಇರುತ್ತಿತ್ತು. ಹೊತ್ತು ನೋಡಿ ಹೊರಟವರಿಗೆ ಗಾಡಿ ತಪ್ಪಲು ಅಷ್ಟು ಸಾಕು. ಹಳ್ಳಿಯವರು ಗಾಡಿಗೆ ಒಂದೆರಡು ಗಂಟೆ ಮೊದಲೇ ಬಂದು ಬುತ್ತಿ ಬಿಚ್ಚಿ ಕೂರುವುದನ್ನು ಪಟ್ಟಣದವರು ಹಾಸ್ಯ ಮಾಡುತ್ತಿದ್ದರು. ಆ ಅಭ್ಯಾಸ ದಡ್ಡತನದಿಂದ ಬಂದದ್ದಲ್ಲ.

ಟಿಕೆಟ್ ಎಂದರೆ ಹೆಬ್ಬೆರಳಷ್ಟು ಅಗಲದ ಗಟ್ಟಿ ರಟ್ಟು. ಇಂಗ್ಲೆಂಡಿನ ಎಡ್ಮಂಡ್ಸನ್ ಎಂಬ ಟೇಷನ್ ಮಾಸ್ತರ್ 19ನೇ ಶತಮಾನದ ಮೊದಲರ್ಧದಲ್ಲಿ ರೂಪಿಸಿದ ಈ ರಟ್ಟು ಇಲ್ಲಿ 20ನೇ ಶತಮಾನದ ಕೊನೆಯವರೆಗೂ ನಡೆಯಿತು. ಊರಿಗೊಂದು ಕಂತೆ, ಅದರಲ್ಲಿ ಕ್ರಮಸಂಖ್ಯೆ. ದಿನದ ಕೊನೆಗೆ ಕೊನೆಯ ಸಂಖ್ಯೆಯಿಂದ ಮೊದಲ ಸಂಖ್ಯೆ ಕಳೆದರೆ ಲೆಕ್ಕ ಮುಗಿಯಿತು. ತಾರೀಖು ಒತ್ತುವ ಯಂತ್ರದ 'ಟಕ್' ಎಂಬ ಸದ್ದು ಈ ದಾರಿಯಲ್ಲಿ ಓಡಾಡಿದ ಹಿರಿಯರಿಗೆ ಇಂದಿಗೂ ಕಿವಿಯಲ್ಲಿದೆ. 1974ರಲ್ಲಿ ಮೂರನೆಯ ದರ್ಜೆ ಎಂಬ ಹೆಸರು ಹೋಗಿ ಎರಡನೆಯ ದರ್ಜೆ ಎಂದಾಯಿತು. ಮರದ ಬೆಂಚು ಅದೇ ಉಳಿಯಿತು.

ಓಡಾಡಿದವರು ಯಾರು? ವರ್ಷದಲ್ಲಿ ಎರಡು ಬಾರಿ ಎಲ್ಲರೂ. ನಂಜನಗೂಡಿನ ದೊಡ್ಡಜಾತ್ರೆಗೆ ಐದು ತೇರು ಎಳೆಯುವ ದಿನ ಮೈಸೂರು ಕಡೆಯವರು ದಕ್ಷಿಣಕ್ಕೆ; ದಸರೆಗೆ ಹಳ್ಳಿಯವರು ಉತ್ತರಕ್ಕೆ. ಆ ದಿನಗಳಲ್ಲಿ ಟಿಕೆಟ್ ತೋರಿಸಲೂ ಕೈ ಎತ್ತಲಾಗದಷ್ಟು ನೂಕುನುಗ್ಗಲು. ಉಳಿದ ದಿನಗಳಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಗೆ ತರಕಾರಿ, ವೀಳ್ಯದೆಲೆ, ಹೂವು ಒಯ್ಯುವ ಹೆಂಗಸರು, ಕ್ಯಾನು ಹಿಡಿದ ಹಾಲಿನವರು, ಕೋರ್ಟಿನ ಕಕ್ಷಿದಾರರು, ತಿಂಗಳ ಪಾಸಿನ ವಿದ್ಯಾರ್ಥಿಗಳು. ಪಾಸಿನ ವಿಷಯ ಸಣ್ಣದೆಂದು ತೋರಬಹುದು. ಆದರೆ ಮೈಸೂರಿನಲ್ಲಿ ರೂಮು ಮಾಡುವ ಶಕ್ತಿಯಿಲ್ಲದ, ಹಾಸ್ಟೆಲಿನಲ್ಲಿ ಜಾಗ ಸಿಗದ ಮನೆಗಳ ಮಕ್ಕಳು ಮಹಾರಾಜ ಕಾಲೇಜಿನವರೆಗೆ ಓದಿದ್ದಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ಯಾಸೆಂಜರ್ ಗಾಡಿ ಒಂದು ದೊಡ್ಡ ಕಾರಣ. ಈ ಭಾಗದ ಶಿಕ್ಷಣದ ಚರಿತ್ರೆ ಬರೆಯುವವರು ಶಾಲೆಗಳನ್ನು ಎಣಿಸುತ್ತಾರೆ, ಗಾಡಿಯನ್ನು ಮರೆಯುತ್ತಾರೆ.

ನಂಜನಗೂಡಿನ ಹತ್ತಿರ ಕಪಿಲೆಗೆ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಲ್ಲು ಸೇತುವೆಯಿತ್ತು. ರೈಲು ನದಿ ದಾಟುವುದಕ್ಕೆ ಹೊಸದನ್ನು ಕಟ್ಟದೆ ಅದರ ಮೇಲೇ ಹಳಿ ಹಾಸಿದರು. ಉಗಿಯಂತ್ರವೆಂಬುದನ್ನೇ ಕೇಳಿರದ ಕಾಲದ ಕಲ್ಲುಕಮಾನುಗಳು ಗಾಡಿಯ ಭಾರವನ್ನು 21ನೇ ಶತಮಾನದವರೆಗೆ ಹೊತ್ತವು. ರೈಲು ಓಡಿದ ಸೇತುವೆಗಳಲ್ಲಿ ದೇಶದಲ್ಲೇ ಹಳೆಯದೆಂದು ಅದಕ್ಕೆ ಹೆಸರಿದೆ. ರಸ್ತೆಯ ಗಾಡಿಗಳಿಗೂ ಅದೇ ಸೇತುವೆ. ಆದ್ದರಿಂದ ಸೇತುವೆ ಬಂದಾಗ ರೈಲು ನಿಧಾನವಾಗುತ್ತಿತ್ತು, ಪ್ರಯಾಣಿಕರು ಕಿಟಕಿಯಿಂದ ಹೊಳೆಗೆ ಕಾಸು ಎಸೆದು ಕೈ ಮುಗಿಯುತ್ತಿದ್ದರು.

ದಾರಿ 1926ರಲ್ಲಿ ಚಾಮರಾಜನಗರ ಮುಟ್ಟಿದಾಗ ಅಲ್ಲಿಗೇ ನಿಲ್ಲಿಸುವ ಎಣಿಕೆ ಇರಲಿಲ್ಲ. ಸತ್ಯಮಂಗಲದ ಮೇಲೆ ಕೊಯಮತ್ತೂರು ಸೀಮೆಗೆ ಸೇರಿಸಬೇಕೆಂಬ ಮಾತು ಅಂದಿನಿಂದ ಇಂದಿನವರೆಗೆ ಬಜೆಟ್ಟಿನ ಕಾಲಕ್ಕೆ ಎದ್ದು ಮಲಗುತ್ತದೆ. ನಡುವೆ ಇರುವುದು ಆನೆ, ಹುಲಿಗಳ ಕಾಡು. ಇನ್ನು ಆ ಹಳಿ ಬರುವ ಸಂಭವ ಕಡಿಮೆ, ಬರದಿರುವುದೇ ಒಳ್ಳೆಯದು. ಮುಂದಕ್ಕೆ ದಾರಿಯಿಲ್ಲದ ಕಾರಣ ಈ ಟೇಷನ್ನುಗಳಿಗೆ ಎಕ್ಸ್‌ಪ್ರೆಸ್ಸುಗಳ ಗದ್ದಲ ಬರಲಿಲ್ಲ. ನಂಜನಗೂಡಿನಾಚೆಯ ಹಳ್ಳಿಗಳಲ್ಲಿ ಹೆಸರಾದದ್ದು ಬದನವಾಳು. ತಗಡೂರು ರಾಮಚಂದ್ರರಾಯರಂಥವರ ದುಡಿಮೆಯಿಂದ ಖಾದಿ ಕೇಂದ್ರವಾಗಿ ಬೆಳೆದು, ಗಾಂಧೀಜಿ ಬಂದು ನೋಡಿಹೋದ ಊರದು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಹೂಡಲು ಆರಿಸಿಕೊಂಡದ್ದು ಅದೇ ಕೇಂದ್ರದ ಅಂಗಳವನ್ನು.

ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಹೇಳುವಂತೆ, ಅವರ ಕಥೆಗಳ ಊರಾದ ಮಾಲ್ಗುಡಿ ಅವರಿಗೆ ಮೊದಲು ಕಂಡದ್ದು ಒಂದು ಪುಟ್ಟ ರೈಲು ಟೇಷನ್ ಆಗಿ. ಊರು ಆಮೇಲೆ ಅದರ ಸುತ್ತ ಬೆಳೆಯಿತು. 1958ರ 'ದಿ ಗೈಡ್' ಕಾದಂಬರಿಯ ರಾಜು ಟೇಷನ್ನಿನ ಅಂಗಡಿಯ ಹುಡುಗ. ಆ ಟೇಷನ್ ಯಾವುದೆಂದು ಹುಡುಕುವುದು ವ್ಯರ್ಥ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರಿಸುವಾಗ ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು ಟೇಷನ್ ಮಾಲ್ಗುಡಿಯಾಯಿತು. ಅಲ್ಲಿನ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೂ ಆಯಿತು. ಕಥೆಗಾರ ನಡೆದಾಡಿದ ಮೈಸೂರಿನ ಸುತ್ತಲ ಟೇಷನ್ನುಗಳಿಗೆ ಆ ಭಾಗ್ಯ ಬರಲಿಲ್ಲ.

ಅವುಗಳ ಕಾಲ ಬದಲಾದದ್ದು ಎರಡು ಹಂತದಲ್ಲಿ. ಮೊದಲನೆಯದು ಬಸ್ಸು. ಹಳಿಯ ಪಕ್ಕದಲ್ಲೇ ಊಟಿ ರಸ್ತೆ. ಬಸ್ಸು ಊರಬಾಗಿಲಲ್ಲಿ ನಿಲ್ಲುತ್ತದೆ, ಗಳಿಗೆಗೊಂದು ಬರುತ್ತದೆ. ಸಾಮಾನು ಲಾರಿಗೆ ಹೋಯಿತು, ಟೇಷನ್ನಿನ ತಕ್ಕಡಿ ತುಕ್ಕು ಹಿಡಿಯಿತು. ಎರಡನೆಯದು ಹಳಿಯ ಅಗಲ. 1990ರ ದಶಕದಲ್ಲಿ ಬೆಂಗಳೂರು ದಾರಿಯೂ ಅರಸೀಕೆರೆ ದಾರಿಯೂ ಬ್ರಾಡ್‌ಗೇಜ್ ಆದವು. ಒಂದು ಮೀಟರ್ ಅಗಲದ ಚಾಮರಾಜನಗರ ದಾರಿ ಮಾತ್ರ ಸುತ್ತಲಿನ ಯಾವ ಹಳಿಗೂ ಹೊಂದದೆ ಒಂಟಿಯಾಯಿತು. ಬೆಂಗಳೂರಿನಿಂದ ಬಂದವರು ಮೈಸೂರಿನಲ್ಲಿ ಇಳಿದು ಹಳೆಯ ಡಬ್ಬಿ ಹತ್ತಬೇಕಿತ್ತು. ಮುಂದಿನ ದಶಕದಲ್ಲಿ ಇದನ್ನೂ ಮುಚ್ಚಿ ಅಗಲ ಮಾಡಿದರು. ಕಪಿಲೆಗೆ ಬೇರೆ ಸೇತುವೆ ಬಂತು, ದಳವಾಯಿಯ ಸೇತುವೆ ನಿವೃತ್ತವಾಯಿತು. 2008ರಲ್ಲಿ ಚಾಮರಾಜನಗರಕ್ಕೆ ಬ್ರಾಡ್‌ಗೇಜ್ ಗಾಡಿ ತಲುಪಿತು.

ಇದರಿಂದ ಹಳ್ಳಿಗೆ ಲಾಭವಾಗಲಿಲ್ಲ ಎನ್ನುವಂತಿಲ್ಲ. ಗಾಡಿ ವೇಗವಾಯಿತು, ಬೆಂಗಳೂರಿಗೆ ನೇರವಾಗಿ ಹೋಗುವುದಾಯಿತು. ಮೀಟರ್‌ಗೇಜಿನ ಕಾಲವನ್ನು ನೆನೆದು ಕಣ್ಣೀರು ಹಾಕುವವರಲ್ಲಿ ಹೆಚ್ಚಿನವರು ಅದರಲ್ಲಿ ದಿನಾ ಓಡಾಡಿದವರಲ್ಲ. ಆದರೆ ಟೇಷನ್ ಎಂಬ ಕಚೇರಿ ಕರಗಿದ್ದು ಇದೇ ಹೊತ್ತಿಗೆ. ಹೊಸ ಸಿಗ್ನಲ್ ವ್ಯವಸ್ಥೆಗೆ ಅಷ್ಟೊಂದು ದಾರಿ ಬಿಡುವ ಜಾಗಗಳು ಬೇಡ. ಸಣ್ಣ ಟೇಷನ್ನುಗಳು ಬರೀ ನಿಲುಗಡೆಗಳಾದವು: ಒಂದು ಕಟ್ಟೆ, ಒಂದು ತಗಡಿನ ನೆರಳು, ಮೂರು ಭಾಷೆಯ ಹೆಸರಿನ ಹಲಗೆ. ಇಂಥ ಕಡೆ ಟಿಕೆಟ್ ಮಾರುವವರು ರೈಲ್ವೆಯ ನೌಕರರಲ್ಲ, ಕಮಿಷನ್ ಮೇಲೆ ದುಡಿಯುವ ಹಾಲ್ಟ್ ಏಜೆಂಟರು. ಗಾಡಿಯ ಹೊತ್ತಿಗೆ ಬಂದು ಕಿಂಡಿ ತೆರೆಯುತ್ತಾರೆ, ಗಾಡಿ ಹೋದ ಮೇಲೆ ಬೀಗ. ಗಾಡಿ ತಡವೋ ರದ್ದೋ ಎಂದು ಕೇಳಲು ಯಾರೂ ಇರುವುದಿಲ್ಲ, ಮೊಬೈಲಿನಲ್ಲಿ ನೋಡಿಕೊಳ್ಳಬೇಕು. ಕಟ್ಟಡ ಉಳಿಯಿತೇ ಹೋಯಿತೇ ಎಂಬುದಕ್ಕಿಂತ ಈ ಮಾಸ್ತರರಿಲ್ಲದ ಸ್ಥಿತಿಯೇ ದೊಡ್ಡ ಬದಲಾವಣೆ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಮತ್ತೆ ಓಡಿಸಿದಾಗ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ಎಂಬ ಹೆಸರು ಬಂತು, ಕನಿಷ್ಠ ದರ 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. ಕಡಕೊಳದಿಂದ ಮೈಸೂರಿಗೆ ಹೋಗುವ ಕೂಲಿಯವರಿಗೆ ಅದು ಮೂರು ಪಟ್ಟು. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ನಾಲ್ಕು ವರ್ಷ ಬಸ್ಸಿಗೆ ಹೊರಳಿದವರಲ್ಲಿ ಎಲ್ಲರೂ ಹಿಂದಿರುಗಲಿಲ್ಲ.

ಹಳೆಯ ಸಾಮಾನುಗಳನ್ನು ನೋಡಬೇಕೆಂದರೆ ಮೈಸೂರು ನಿಲ್ದಾಣದ ಹತ್ತಿರ 1979ರಲ್ಲಿ ಶುರುವಾದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ದೆಹಲಿಯದರ ನಂತರ ದೇಶದಲ್ಲಿ ಎರಡನೆಯದು. ಅಲ್ಲಿ ಅರಮನೆಯವರ ಸಲೂನು ಡಬ್ಬಿಗಳ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ, ಸಿಗ್ನಲ್ ಸಾಮಗ್ರಿಯ ಮುಂದೆ ಕಡಿಮೆ. ಕಡಕೊಳದ ಮಟ್ಟಿಗೆ ಹಳಿ ಮತ್ತೆ ಸಾಮಾನಿನ ಕಡೆಗೆ ತಿರುಗಿದೆ: ಮೈಸೂರು, ನಂಜನಗೂಡಿನ ಕಾರ್ಖಾನೆಗಳ ಸರಕನ್ನು ಬಂದರಿಗೆ ಕಳಿಸುವ ಕಂಟೇನರ್ ನಿಗಮದ ಅಂಗಳ ಈಚಿನ ವರ್ಷಗಳಲ್ಲಿ ಅಲ್ಲಿಗೆ ಬಂದಿದೆ. ಹಿಂದೆ ಸರಕನ್ನು ತೂಗಿ ಚೀಟಿ ಬರೆಯುತ್ತಿದ್ದುದು ಟೇಷನ್ ಮಾಸ್ತರರು. ಈಗ ಆ ಲೆಕ್ಕ ಟೇಷನ್ನಿನ ಕಿಂಡಿಗೆ ಬರುವುದಿಲ್ಲ.